ಜೇಬಿನಲ್ಲಿ ಎರಡು ಉಂಡೆ

(ನಮ್ಮ ವಾರ್ಷಿಕ ಕೂಟದಲ್ಲಿ ಆಡಿದ ಮಾತು. ಬರೆದುಕೊಡಿ ಅಂತ ಕೆಲವರು ಕೇಳಿದ್ದರಿಂದ ಇಲ್ಲಿ ಕೊಟ್ಟಿದ್ದೇನೆ.)



ನಾನು ಎಲೆಕ್ಟ್ರಿಷಿಯನ್. ಸರ್ಕಾರಿ ಐಟಿಐಯಲ್ಲಿ ಎರಡು ವರ್ಷ ಕಲಿತು, ವೈರು, ಪೈಪು, ಬೋರ್ಡು ಅಂತ ಬದುಕು ಮಾಡಿಕೊಂಡವನು. ಇಂಥವನು ಅಡುಗೆ ವಿಷಯ ಮಾತಾಡೋಕೆ ನಿಂತಿದ್ದಾನಲ್ಲ ಅಂತ ಕೆಲವರಿಗೆ ನಗು ಬಂದಿರಬಹುದು. ನಗಿ, ಬೇಜಾರಿಲ್ಲ. ನಾನು ಹೇಳೋಕೆ ಬಂದಿರೋದು ಹಬ್ಬದಡುಗೆ ಅಲ್ಲ. ಕೆಲಸಕ್ಕೆ ಹೋಗೋ ಮನುಷ್ಯ ಜೇಬಿನಲ್ಲಿಟ್ಟುಕೊಂಡು ಹೋಗಬಹುದಾದ ಉಂಡೆ. ಓವನ್ ಬೇಡ, ಪಾಕ ಬೇಡ, ಎಣ್ಣೆ ಕಾಯಿಸೋದು ಬೇಡ. ಅರ್ಧ ಗಂಟೆಯ ಕೆಲಸ, ವಾರಕ್ಕೆ ಒಂದು ಸಲ.

ಇದು ನನ್ನ ತಲೆಗೆ ಹೇಗೆ ಬಂತು ಅಂತ ಮೊದಲು ಹೇಳಿಬಿಡ್ತೀನಿ.

ಎರಡು ಚಳಿಗಾಲದ ಹಿಂದಿನ ಮಾತು. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟೋದೇ ಎಂಟೂ ಮುಕ್ಕಾಲಿಗೆ. ನಾವು ಮನೆ ಬಿಡೋದು ಆರಕ್ಕೆ. ಆ ಕತ್ತಲಲ್ಲಿ, ಆ ಚಳಿಯಲ್ಲಿ ತಿಂಡಿ ಯಾರಿಗೆ ಸೇರುತ್ತೆ ಹೇಳಿ. ಒಂದು ಲೋಟ ಟೀ ಕುಡಿದು ಹೊರಟಿದ್ದೆ. ದಾರಿಯಲ್ಲಿ ಒಂದು ಡಬ್ಬಿ ಎನರ್ಜಿ ಡ್ರಿಂಕ್. ಹತ್ತು ಗಂಟೆ ಕಾಫಿಗೆ ಒಂದು ಬಿಸ್ಕತ್ತು. ಹನ್ನೊಂದೂವರೆ ಹೊತ್ತಿಗೆ ಏಣಿ ಮೇಲೆ ನಿಂತಿದ್ದೀನಿ, ಕೈ ಸಣ್ಣಗೆ ನಡುಗ್ತಾ ಇದೆ, ಬೆವರು. ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ವೈರು ಮುಟ್ಟೋ ಮುಂಚೆ ಕರೆಂಟ್ ಇಲ್ಲ ಅಂತ ಪರೀಕ್ಷೆ ಮಾಡಬೇಕು. ಅದಕ್ಕೂ ಮುಂಚೆ ಟೆಸ್ಟರ್ ಸರಿ ಇದೆಯಾ ಅಂತ ಕರೆಂಟ್ ಇರೋ ಕಡೆ ಹಿಡಿದು ನೋಡಬೇಕು, ಆಮೇಲೆ ಕೆಲಸದ ಜಾಗದಲ್ಲಿ, ಆಮೇಲೆ ಮತ್ತೆ ಕರೆಂಟ್ ಇರೋ ಕಡೆ. ಮೂರು ಸಲ. ಐಟಿಐ ಮೊದಲ ವರ್ಷದಿಂದ ಬಂದ ಅಭ್ಯಾಸ. ಅವತ್ತು ನಾನು ಒಂದು ಸಲವೂ ಹಿಡಿಯಲಿಲ್ಲ. ಸ್ಟ್ರಿಪ್ಪರ್ ತೆಗೆದು ನೇರ ವೈರಿಗೆ ಕೈ ಹಾಕ್ತಾ ಇದ್ದೆ.

ಕೆಳಗೆ ನಿಂತಿದ್ದ ಡಚ್ ಹಿರಿಯ ಒಬ್ಬರು ಏಣಿ ಹಿಡಿದು ಅಲ್ಲಾಡಿಸಿ ಕೂಗಿದರು. ಇಳಿದೆ. ಅವರು ಬೈಯಲಿಲ್ಲ. ಅವರು ಕೇಳಿದ್ದು ಒಂದೇ ಮಾತು: 'ಬೆಳಗ್ಗೆಯಿಂದ ಏನು ತಿಂದಿದ್ದೀಯ?'

ಆ ಲೈನು ಆಫ್ ಆಗಿಯೇ ಇತ್ತು. ನನಗೆ ಏನೂ ಆಗಲಿಲ್ಲ. ಆದರೆ ಅದು ಆಫ್ ಇದೆ ಅನ್ನೋದು ಕೈ ಹಾಕುವಾಗ ನನಗೆ ಗೊತ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಎಷ್ಟು ಜನ ಹೀಗೇ ಕೆಲಸ ಮಾಡ್ತೀವಿ ನೋಡಿ. ಗೋದಾಮಿನಲ್ಲಿ ಇರೋರು, ಹಸಿರುಮನೆಯಲ್ಲಿ ಇರೋರು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯೋರು, ಗಾಡಿ ಓಡಿಸೋರು. ಇಲ್ಲಿನವರು ಮಧ್ಯಾಹ್ನಕ್ಕೆ ಬ್ರೆಡ್ಡು ಚೀಸು ತಿಂದು ಹತ್ತು ನಿಮಿಷಕ್ಕೆ ಎದ್ದುಬಿಡ್ತಾರೆ. ನಮಗೆ ಅನ್ನ ಬೇಕು. ಅನ್ನ ತಂದರೆ ಬಿಸಿ ಮಾಡೋಕೆ ಮೈಕ್ರೋವೇವ್ ಹತ್ತಿರ ಸಾಲು. ಒಗ್ಗರಣೆ ವಾಸನೆ ಬರುತ್ತೆ, ಯಾರು ಏನಂತಾರೋ ಅಂತ ಸಂಕೋಚ. ಕೊನೆಗೆ 'ಮನೆಗೆ ಹೋಗಿ ಉಂಡರಾಯ್ತು' ಅಂತ ಬಿಟ್ಟುಬಿಡ್ತೀವಿ.

ಕಾನೂನು ನಮ್ಮ ಪರವಾಗಿದೆ, ಅದನ್ನೂ ಹೇಳ್ತೀನಿ. ಈ ದೇಶದ ಕೆಲಸದ ವೇಳೆಯ ಕಾನೂನಿನ ಪ್ರಕಾರ ಐದೂವರೆ ಗಂಟೆಗಿಂತ ಹೆಚ್ಚು ಕೆಲಸ ಮಾಡಿದರೆ ಕನಿಷ್ಠ 30 ನಿಮಿಷ ವಿರಾಮ ಕೊಡಬೇಕು. ಅದನ್ನು 15 ನಿಮಿಷದ ಎರಡು ಭಾಗ ಮಾಡಬಹುದು. ಹತ್ತು ಗಂಟೆ ಮೀರಿದರೆ 45 ನಿಮಿಷ. ಕಟ್ಟಡದ ಕೆಲಸದಲ್ಲಿ ಊಟಕ್ಕೆ ಕೂರೋ ಡಬ್ಬಿಮನೆಗೆ 'ಸ್ಖಾಫ್ಟ್‌ಕೇಟ್' ಅಂತಾರೆ. ಆ ಹದಿನೈದು ನಿಮಿಷದಲ್ಲಿ, ಕೈ ತೊಳೆದು, ಬಿಸಿ ಮಾಡದೆ, ವಾಸನೆಯ ಸಂಕೋಚ ಇಲ್ಲದೆ ತಿನ್ನೋದು ಏನಿದೆ ಅಂತ ಯೋಚನೆ ಮಾಡಿದಾಗ ನನಗೆ ಹೊಳೆದದ್ದು ಉಂಡೆ.

ಇಂಟರ್‌ನೆಟ್ಟಿನಲ್ಲಿ ಈಗ ಇದಕ್ಕೆ ಏನೇನೋ ಹೆಸರು. ಎನರ್ಜಿ ಬಾಲ್, ನೋ-ಬೇಕ್ ಬೈಟ್ ಅಂತೆಲ್ಲ. ಇಲ್ಲಿ ಅಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಮೂರು ಇಟ್ಟು ಒಂದು ಊಟದ ದುಡ್ಡು ಕೇಳ್ತಾರೆ. ಆದರೆ ಒಲೆಯ ಹಂಗು ಹೆಚ್ಚಿಲ್ಲದ ಉಂಡೆ ನಮಗೇನು ಹೊಸದಾ? ನಾನು ತಿಪಟೂರು ಕಡೆಯವನು. ನಮ್ಮಲ್ಲಿ ನಾಗರಪಂಚಮಿಗೆ ಹುತ್ತಕ್ಕೆ ತನಿ ಎರೆಯುವಾಗ ಚಿಗಳಿ, ತಂಬಿಟ್ಟು ಇಡ್ತಾರೆ. ಅವತ್ತು ಬಾಣಲೆ ಇಡಬಾರದು, ಕರಿಯಬಾರದು. ಅವ್ವ ಹಿಂದಿನ ದಿನವೇ ಎಳ್ಳು ಹುರಿದಿಟ್ಟು, ಬೆಳಗ್ಗೆ ಬೆಲ್ಲದ ಜೊತೆ ಒರಳಿಗೆ ಹಾಕಿ ಕುಟ್ಟೋಳು. ಎಳ್ಳೇ ಎಣ್ಣೆ ಬಿಟ್ಟುಕೊಂಡು ಉಂಡೆ ಕಟ್ಟೋಕೆ ಬರುತ್ತೆ. ಅದೇ ಚಿಗಳಿ. ನನ್ನ ರೂಮಿನಲ್ಲಿ ಗದಗಿನ ಕಡೆಯ ಗೆಳೆಯ ಇದ್ದಾನೆ. ಅವನ ಪ್ರಕಾರ ಪಂಚಮಿ ಅಂದರೇನೇ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಕಿ ಉಂಡಿ, ಅಂಟಿನ ಉಂಡಿ, ಬೇಸನ್ ಉಂಡಿ ಅಂತ ಎಣಿಸೋಕೆ ಶುರು ಮಾಡಿದರೆ ಬೆರಳು ಸಾಲಲ್ಲ. ಇನ್ನು ಸಂಕ್ರಾಂತಿಯ ಎಳ್ಳು ನೆನಪು ಮಾಡಿಕೊಳ್ಳಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಆ ಐದನ್ನೂ ಒರಳಿಗೆ ಹಾಕಿ ಕುಟ್ಟಿದರೆ ಅದೇ ಎನರ್ಜಿ ಬಾಲ್. ರಾಗಿ ಹುರಿಹಿಟ್ಟಂತೂ ಹೊಲಕ್ಕೆ, ಪ್ರಯಾಣಕ್ಕೆ ಕಟ್ಟಿಕೊಂಡು ಹೋಗ್ತಿದ್ದ ಬುತ್ತಿ. ನಮ್ಮ ಅಜ್ಜ ಅಜ್ಜಿ ಕೆಲಸದ ಊಟ ಅಂತಲೇ ಮಾಡಿಕೊಂಡಿದ್ದನ್ನ ನಾವು ಹಬ್ಬಕ್ಕೆ ಮಾತ್ರ ಇಟ್ಟುಕೊಂಡುಬಿಟ್ವಿ.

ಸರಿ, ಮಾಡೋಣ ಅಂತ ಹೊರಟೆ. ಮೊದಲ ಸಲ ಪೂರ್ತಿ ಕೆಟ್ಟಿತು. ಖರ್ಜೂರ, ಕಡಲೆಬೀಜ ಎಲ್ಲಾ ಒಟ್ಟಿಗೆ ಮಿಕ್ಸಿಗೆ ಹಾಕಿ ತಿರುಗಿಸಿದೆ. ಬ್ಲೇಡು ಅಂಟಿಕೊಂಡು ನಿಂತಿತು, ಮೋಟರ್ ಗುಂಯ್ ಅಂತು, ಸುಟ್ಟ ವಾಸನೆ. ಗದಗಿನ ಗೆಳೆಯ 'ಎಲೆಕ್ಟ್ರಿಷಿಯನ್ ಮನ್ಯಾಗ ಮಿಕ್ಸಿ ಸುಟ್ಟಿತಲ್ಲಪಾ' ಅಂತ ವಾರ ಪೂರ್ತಿ ಆಡಿಕೊಂಡ.

ಅದಕ್ಕೇ ಮಿಕ್ಸಿ ಬಗ್ಗೆ ನನ್ನ ಕಸುಬಿನ ಎರಡು ಮಾತು. ಊರಿಂದ ತಂದ ಮಿಕ್ಸಿ ಇಲ್ಲಿ ಓಡುತ್ತೆ. ಅಲ್ಲೂ 230 ವೋಲ್ಟ್ 50 ಹರ್ಟ್ಜ್, ಇಲ್ಲೂ ಅದೇ. ಪಿನ್ನು ಮಾತ್ರ ಬೇರೆ. ವಿಮಾನ ನಿಲ್ದಾಣದಲ್ಲಿ ಸಿಗೋ ಅಗ್ಗದ ಅಡಾಪ್ಟರುಗಳಲ್ಲಿ ಬಹಳಷ್ಟಕ್ಕೆ ಅರ್ಥಿಂಗ್ ಇರೋದಿಲ್ಲ. ಮೂರು ಪಿನ್ನಿನ ಮಿಕ್ಸಿಗೆ ಅರ್ಥಿಂಗ್ ಇರೋ ಅಡಾಪ್ಟರನ್ನೇ ತಗೊಳ್ಳಿ, ಇಲ್ಲವೇ ಗೊತ್ತಿರೋರ ಕೈಲಿ ಪ್ಲಗ್ ಬದಲಿಸಿಕೊಳ್ಳಿ. ಓಡಿಸುವಾಗ ಒಂದೇ ಸಮನೆ ತಿರುಗಿಸಬೇಡಿ. ಹತ್ತು ಸೆಕೆಂಡು ಓಡಿಸಿ, ನಿಲ್ಲಿಸಿ, ಚಮಚದಲ್ಲಿ ಕೆದಕಿ, ಮತ್ತೆ ಓಡಿಸಿ. ಚಮಚ ಹಾಕೋ ಮುಂಚೆ ಪ್ಲಗ್ ಕಿತ್ತಿರಲಿ. ಮಿಕ್ಸಿ ತಾನೇ ನಿಂತುಬಿಟ್ಟರೆ ಕೆಟ್ಟಿತು ಅಂತ ಗಾಬರಿ ಬೇಡ. ಬಹಳ ಮಿಕ್ಸಿಗಳ ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತೆ, ಓವರ್‌ಲೋಡ್‌ಗೆ ಇಟ್ಟಿರೋದು. ಆರೋಕೆ ಬಿಟ್ಟು ಅದನ್ನು ಒತ್ತಿದರೆ ಸಾಕು.

ಈಗ ಅಳತೆ. ಇದನ್ನು ಬರೆದುಕೊಳ್ಳಿ.

ಬೀಜ ತೆಗೆದ ಖರ್ಜೂರ 200 ಗ್ರಾಂ, ಕಡಲೆಬೀಜ 150 ಗ್ರಾಂ, ಎಳ್ಳು 50 ಗ್ರಾಂ, ಓಟ್ಸ್ 50 ಗ್ರಾಂ, ಎರಡು ಏಲಕ್ಕಿ, ಒಂದು ಚಿಟಿಕೆ ಉಪ್ಪು. ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಘಮ ಬರೋವರೆಗೆ ಹುರಿದು ಸಿಪ್ಪೆ ಉಜ್ಜಿ ತೆಗೀರಿ. ಅದೇ ಬಾಣಲೆಯಲ್ಲಿ ಎಳ್ಳು ಚಟಪಟ ಅನ್ನೋವರೆಗೆ, ಓಟ್ಸ್ ಗರಿಗರಿ ಆಗೋವರೆಗೆ. ಪೂರ್ತಿ ಆರಲಿ. ಮೊದಲು ಒಣ ಸಾಮಾನು ತರಿತರಿಯಾಗಿ ಪುಡಿ ಮಾಡಿ ತೆಗೆದಿಡಿ. ಆಮೇಲೆ ಖರ್ಜೂರವನ್ನು ಸಣ್ಣಗೆ ಹೆಚ್ಚಿ, ಎರಡು ಹಿಡಿ ಪುಡಿಯ ಜೊತೆಗೇ ಮಿಕ್ಸಿಗೆ ಹಾಕಿ. ಪುಡಿ ಜೊತೆಗಿದ್ದರೆ ಬ್ಲೇಡಿಗೆ ಅಂಟೋದಿಲ್ಲ. ನಾನು ಕೆಡಿಸಿಕೊಂಡಿದ್ದು ಇದೇ ಹಂತದಲ್ಲಿ. ಕೊನೆಗೆ ಎಲ್ಲಾ ಸೇರಿಸಿ ಕೈಯಲ್ಲಿ ನಾದಿ. ಖರ್ಜೂರ ಗಟ್ಟಿ ಇದ್ದರೆ ಒಂದೆರಡು ಚಮಚ ಬಿಸಿ ನೀರು ಚಿಮುಕಿಸಿ, ಜಾಸ್ತಿ ಬೇಡ. ತಕ್ಕಡಿಯಲ್ಲಿ 25 ಗ್ರಾಂ ತೂಗಿ ಉಂಡೆ ಕಟ್ಟಿ. ಹದಿನೆಂಟು ಉಂಡೆ ಬರುತ್ತೆ.

ತೂಗೋದು ಯಾಕೆ ಅಂತ ಕೇಳಬಹುದು. ನಾನೂ ಮೊದಲು ಕೈ ಅಂದಾಜಿನಲ್ಲೇ ಕಟ್ಟುತ್ತಿದ್ದೆ. ಒಂದು ಉಂಡೆ ನಿಂಬೆಹಣ್ಣು, ಇನ್ನೊಂದು ಕಿತ್ತಳೆ. ಒಳ್ಳೇದು ಅಂತ ದಿನಕ್ಕೆ ಆರು ತಿಂದೆ. ಇಲ್ಲಿ ನಾವು ಮೋಸ ಹೋಗ್ತೀವಿ. ಖರ್ಜೂರ, ಬೆಲ್ಲ ಅಂದ ತಕ್ಷಣ ಆರೋಗ್ಯ ಅಂದುಕೊಳ್ತೀವಿ. ಬೆಲ್ಲದಲ್ಲಿ ಬಹುಪಾಲು ಸಕ್ಕರೆಯೇ. ಒಣ ಖರ್ಜೂರದಲ್ಲಿ ನೂರು ಗ್ರಾಂಗೆ ಸುಮಾರು 65 ಗ್ರಾಂ ಸಕ್ಕರೆ. ನಾರು ಇದೆ, ನಿಜ. ಆದರೂ ಲೆಕ್ಕ ಬಿಡೋ ಹಾಗಿಲ್ಲ. ನಾನು ಹೇಳಿದ ಅಳತೆಯಲ್ಲಿ ಒಂದು ಉಂಡೆಗೆ ಸುಮಾರು 105 ಕ್ಯಾಲೊರಿ, 7 ಗ್ರಾಂ ಸಕ್ಕರೆ, 3 ಗ್ರಾಂ ಪ್ರೋಟೀನ್ ಬರುತ್ತೆ. ಎರಡು ತಿಂದರೆ 14 ಗ್ರಾಂ ಸಕ್ಕರೆ. ನಾನು ಕುಡೀತಿದ್ದ 250 ಮಿಲಿ ಎನರ್ಜಿ ಡ್ರಿಂಕ್ ಡಬ್ಬಿಯ ಮೇಲೆ ನೂರು ಮಿಲಿಗೆ 11 ಗ್ರಾಂ ಅಂತ ಬರೆದಿದೆ, ಅಂದರೆ ಡಬ್ಬಿಗೆ 27 ಗ್ರಾಂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲಾ ಸೇರಿ ಒಟ್ಟು ಶಕ್ತಿಯ ಶೇ. 10ರ ಒಳಗಿರಲಿ, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೇದು ಅಂತ. 2000 ಕ್ಯಾಲೊರಿ ತಿನ್ನೋರಿಗೆ ಅದು 50 ಗ್ರಾಂ, 25 ಗ್ರಾಂ. ಒಂದು ಡಬ್ಬಿ ಕುಡಿದರೆ ಕಡಿಮೆ ಲೆಕ್ಕದ ಕೋಟಾ ಮುಗೀತು. ಡಯಾಬಿಟಿಸ್ ಇರೋರು ನನ್ನ ಮಾತು ಕೇಳಿ ತಿನ್ನಬೇಡಿ, ನಿಮ್ಮ ಹೌಸ್‌ಆರ್ಟ್ಸ್ ಡಾಕ್ಟರನ್ನು ಕೇಳಿ ತಿನ್ನಿ.

ಎರಡನೇದು ಅವ್ವನ ಚಿಗಳಿ. ಎಳ್ಳು 150 ಗ್ರಾಂ, ಪುಡಿ ಬೆಲ್ಲ 100 ಗ್ರಾಂ, ಒಣ ಕೊಬ್ಬರಿ ತುರಿ 50 ಗ್ರಾಂ. ಎಳ್ಳು ಹುರಿದು ಆರಿಸಿ, ಬೆಲ್ಲ ಸೇರಿಸಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಎಣ್ಣೆ ಬಿಡೋ ಹೊತ್ತಿಗೆ ಕೊಬ್ಬರಿ ಹಾಕಿ ಒಂದು ಸುತ್ತು. 20 ಗ್ರಾಂನ ಹದಿನೈದು ಉಂಡೆ. ಇದು ಖರ್ಜೂರದ್ದಕ್ಕಿಂತ ಹೆಚ್ಚು ದಿನ ಇರುತ್ತೆ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಸುಣ್ಣದ ಅಂಶ ಹೆಚ್ಚಿರುತ್ತೆ. 

ಸಾಮಾನು ಎಲ್ಲಿ ಸಿಗುತ್ತೆ ಅಂತ ಹೊಸದಾಗಿ ಬಂದವರು ಕೇಳ್ತಾರೆ. ಸೂಪರ್‌ಮಾರ್ಕೆಟ್ಟಿನಲ್ಲಿ ಈ ಹೆಸರುಗಳನ್ನು ನೋಡಿ: ಕಡಲೆಬೀಜ 'ಪಿಂಡಾ', ಖರ್ಜೂರ 'ಡಾಡೆಲ್ಸ್', ಓಟ್ಸ್ 'ಹಾವರ್‌ಮೌಟ್', ಎಳ್ಳು 'ಸೇಸಮ್‌ಜಾಡ್', ಅಗಸೆ 'ಲೈನ್‌ಜಾಡ್', ಕೊಬ್ಬರಿ ತುರಿ 'ಕೋಕೋಸ್‌ರಾಸ್ಪ್'. 'ಒಂಗೆಝೌಟನ್' ಅಂದರೆ ಉಪ್ಪಿಲ್ಲದ್ದು, ಅದನ್ನೇ ತಗೊಳ್ಳಿ. ಹುರಿಯೋಕೆ ಸೌಕರ್ಯ ಇಲ್ಲದವರು 'ಪಿಂಡಾಕಾಸ್' ತಗೊಳ್ಳಬಹುದು. ಆ ಪದದ ಅರ್ಥ ಕಡಲೆಕಾಯಿ ಚೀಸು, ಆದರೆ ಒಳಗಿರೋದು ಪೀನಟ್ ಬಟರ್. ಹಿಂದೆ ತಿರುಗಿಸಿ ಓದಿ, ನೂರಕ್ಕೆ ನೂರು ಪಿಂಡಾ ಅಂತ ಇರೋದೇ ಆಗಬೇಕು. 'ವಾರ್‌ವಾನ್ ಸೌಕರ್ಸ್' ಅನ್ನೋ ಸಾಲು ಸಕ್ಕರೆ ಎಷ್ಟು ಅಂತ ಹೇಳುತ್ತೆ.

ಬೆಲ್ಲ, ಹುರಿಗಡಲೆ, ಕರಿ ಎಳ್ಳು ಬೇಕಾದರೆ ಹೇಗ್ ನಗರದ ಕಡೆಯ ಸುರಿನಾಮಿ ಹಿಂದೂಸ್ತಾನಿಗಳ ಅಂಗಡಿಗೆ ಹೋಗಿ. ಹೇಗ್‌ನ ದೊಡ್ಡ ಸಂತೆ 'ಹಾಖ್ಸೆ ಮಾರ್ಕ್ಟ್' ಸುತ್ತಮುತ್ತಲೂ ಹುಡುಕಬಹುದು. ಅವರ ಹಿರಿಯರೂ ನಮ್ಮ ಹಾಗೇ ಕೂಲಿಗೆ ದೇಶ ಬಿಟ್ಟವರು. ಕಲ್ಕತ್ತೆಯಿಂದ ಹೊರಟ 'ಲಾಲಾ ರೂಖ್' ಹಡಗು ಅವರನ್ನು ಹೊತ್ತು ಸುರಿನಾಮ್ ಮುಟ್ಟಿದ್ದು 1873ರ ಜೂನ್ 5ಕ್ಕೆ. 1975ರಲ್ಲಿ ಸುರಿನಾಮ್ ಸ್ವತಂತ್ರ ಆಗೋ ಹೊತ್ತಿಗೆ ಬಹಳ ಮಂದಿ ಇಲ್ಲಿಗೆ ಬಂದರು. ಕಬ್ಬಿನ ತೋಟಕ್ಕೆ ಹೋದವರ ಮೊಮ್ಮಕ್ಕಳ ಕೈಲಿ ನಾವು ಇವತ್ತು ಬೆಲ್ಲ ಕೊಳ್ತಾ ಇದ್ದೀವಿ.

ಈಗ ನಾನು ಇಲ್ಲಿ ಮಾತಾಡೋಕೆ ಒಪ್ಪಿಕೊಂಡ ನಿಜವಾದ ಕಾರಣಕ್ಕೆ ಬರ್ತೀನಿ.

ಉಂಡೆ ಚೆನ್ನಾಗಿ ಬರೋಕೆ ಶುರುವಾದ ಮೇಲೆ ನನಗೆ ಹೆಮ್ಮೆ ಬಂತು. ದಿನಾ ಡಬ್ಬ ತಗೊಂಡು ಹೋಗಿ ಎಲ್ಲರ ಮುಂದೆ ಹಿಡೀತಿದ್ದೆ. ನಮ್ಮ ಜೊತೆ ಕೆಲಸ ಕಲಿಯೋ ಹುಡುಗ ಒಬ್ಬ ಹೊಸದಾಗಿ ಬಂದಿದ್ದ, ಹದಿನೆಂಟು ಹತ್ತೊಂಬತ್ತು ವರ್ಷ. 'ಇದೇನು?' ಅಂದ. ನಾನು 'ಡಾಡೆಲ್ಸ್, ಡಾಡೆಲ್ಸ್, ತಗೋ' ಅಂದೆ. ಖರ್ಜೂರ ಅನ್ನೋದೊಂದೇ ಪದ ಬಾಯಿಗೆ ಬಂತು. ಹುಡುಗ ತಗೊಂಡ. ಬಾಯಿ ಹತ್ತಿರ ತಂದಿದ್ದ. ನನ್ನನ್ನು ಏಣಿಯಿಂದ ಇಳಿಸಿದ ಅದೇ ಹಿರಿಯರು ಕೇಳಿದರು, 'ವಾಟ್ ಜಿಟ್ ಎರ್ ಇನ್?' ಒಳಗೆ ಏನೇನಿದೆ? ನಾನು ಎಣಿಸಿದೆ. ಡಾಡೆಲ್ಸ್, ಹಾವರ್‌ಮೌಟ್, ಸೇಸಮ್, ಪಿಂಡಾ...

'ಪಿಂಡಾ' ಅಂದ ತಕ್ಷಣ ಹುಡುಗನ ಕೈ ನಿಂತಿತು. ಉಂಡೆ ಕೆಳಗಿಟ್ಟು, ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದ. ಆಮೇಲೆ ಚೀಲದಿಂದ ಒಂದು ಪೆನ್ನಿನಂಥ ಇಂಜೆಕ್ಷನ್ ತೆಗೆದು ತೋರಿಸಿದ. ಕಡಲೆಕಾಯಿ ಅಲರ್ಜಿ ಅವನಿಗೆ. ಸಣ್ಣ ಚೂರು ಹೋದರೂ ಗಂಟಲು ಊದಿಕೊಂಡು ಉಸಿರು ಕಟ್ಟುತ್ತೆ ಅಂದ. ಅವನು ಸಾಮಾನ್ಯ ವಿಷಯ ಹೇಳೋ ಹಾಗೆ ಹೇಳಿದ. ನನಗೆ ಕೈಕಾಲು ತಣ್ಣಗಾಯ್ತು.

ಊರಲ್ಲಿ ನಾವು ಹೀಗೆ ಯೋಚಿಸಿ ಬೆಳೆದವರಲ್ಲ. ಕೊಟ್ಟರೆ ತಿನ್ನಬೇಕು, ಬೇಡ ಅಂದರೆ ಅವಮಾನ. ಬಲವಂತ ಮಾಡಿ ಎಲೆಗೆ ಬಡಿಸೋದೇ ಪ್ರೀತಿ. ಆದರೆ ನನ್ನ ಕಸುಬಿನಲ್ಲಿ ನಾನು ಏನು ಮಾಡ್ತೀನಿ? ಡಿಬಿ ಬೋರ್ಡು ಮುಚ್ಚೋ ಮುಂಚೆ ಯಾವ ಎಂಸಿಬಿ ಯಾವ ಕೋಣೆಗೆ ಅಂತ ಒಂದೊಂದಕ್ಕೂ ಬರೆದು ಅಂಟಿಸ್ತೀನಿ. ನಾಳೆ ಬರೋ ಮನುಷ್ಯ ನನಗೆ ಗೊತ್ತಿಲ್ಲ, ಅವನ ಜೀವ ನನ್ನ ಬರಹದ ಮೇಲೆ ನಿಂತಿರುತ್ತೆ. ಅಷ್ಟು ಗೊತ್ತಿದ್ದೂ ನನ್ನ ಡಬ್ಬದ ಮೇಲೆ ಒಂದಕ್ಷರ ಬರೆದಿರಲಿಲ್ಲ.

ಯುರೋಪಿನ ಕಾನೂನು 14 ಅಲರ್ಜಿ ಪದಾರ್ಥಗಳ ಪಟ್ಟಿ ಮಾಡಿದೆ. 2014ರ ಡಿಸೆಂಬರ್‌ನಿಂದ ಪೊಟ್ಟಣದ ಮೇಲೆ ಅವನ್ನು ಎದ್ದು ಕಾಣೋ ಹಾಗೆ ಅಚ್ಚು ಹಾಕಬೇಕು. ದಪ್ಪ ಅಕ್ಷರದಲ್ಲಿ ಕಾಣೋದು ಅದೇ. ಆ ಪಟ್ಟಿಯಲ್ಲಿ ಕಡಲೆಕಾಯಿ ಇದೆ, ಗೋಡಂಬಿ ಬಾದಾಮಿಯಂಥ ಬೀಜಗಳಿವೆ, ಎಳ್ಳಿದೆ, ಹಾಲಿದೆ, ಗೋಧಿ ಓಟ್ಸ್ ಇವೆ, ಸಾಸಿವೆಯೂ ಇದೆ. ಅಂದರೆ ನಮ್ಮ ಉಂಡೆ, ನಮ್ಮ ಒಗ್ಗರಣೆ, ನಮ್ಮ ತುಪ್ಪ ಎಲ್ಲಾ ಅಲ್ಲೇ ಇದೆ. ಮನೆಯ ಡಬ್ಬಕ್ಕೆ ಯಾರೂ ಬಂದು ಲೇಬಲ್ ಕೇಳಲ್ಲ. ನಾವೇ ಹಾಕಬೇಕು.

ಅವತ್ತಿನಿಂದ ನಾನು ಮಾಡೋದು ಇಷ್ಟು. ಡಬ್ಬದ ಮುಚ್ಚಳಕ್ಕೆ ಬಿಳಿ ಇನ್ಸುಲೇಷನ್ ಟೇಪು ಹಚ್ಚಿ ಮಾರ್ಕರ್‌ನಲ್ಲಿ ಬರೀತೀನಿ: ಪಿಂಡಾ, ಸೇಸಮ್, ಹಾವರ್. ಕೆಳಗೆ ಮಾಡಿದ ತಾರೀಖು. ಯಾರಿಗಾದರೂ ಕೊಡೋ ಮುಂಚೆ ಹೆಸರು ಬಾಯಲ್ಲೂ ಹೇಳ್ತೀನಿ. ಯಾರಿಗಾದರೂ ತಿಂದ ಮೇಲೆ ತುಟಿ ಊದಿದರೆ, ಉಸಿರಾಡೋಕೆ ಕಷ್ಟ ಆದರೆ, ನೀರು ಕುಡಿಸಿ ಕಾಯೋದಲ್ಲ, ತಕ್ಷಣ 112ಕ್ಕೆ ಫೋನ್ ಮಾಡೋದು.

ನಮ್ಮ ಈ ಕೂಟಕ್ಕೂ ಒಂದು ಕೇಳಿಕೆ. ಇವತ್ತು ಹಿಂದಿನ ಮೇಜಿನ ಮೇಲೆ ಹತ್ತಿಪ್ಪತ್ತು ಮನೆಯ ಅಡುಗೆ ಇದೆ. ಚಿಕ್ಕ ಮಕ್ಕಳು ಓಡಾಡಿಕೊಂಡು ಕೈ ಹಾಕಿ ತಿನ್ನುತ್ತಾ ಇವೆ. ಯಾವುದರಲ್ಲಿ ಗೋಡಂಬಿ, ಯಾವುದರಲ್ಲಿ ಕಡಲೆಬೀಜ ಅಂತ ಮಾಡಿದವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮುಂದಿನ ಸಲದಿಂದ ಪ್ರತಿ ಪಾತ್ರೆ ಮುಂದೆ ಒಂದು ಚೀಟಿ ಇಡೋಣ. ಬರೆಯೋ ಕೆಲಸ ನನಗೆ ಕೊಡಿ, ಟೇಪು ನಾನೇ ತರ್ತೀನಿ.

ಇನ್ನು ಕೆಲವು ಸಣ್ಣ ಎಚ್ಚರಿಕೆ. ಹಸಿ ಮೈದಾ, ಹಸಿ ಗೋಧಿ ಹಿಟ್ಟು ಹಾಕಿ ಉಂಡೆ ಮಾಡೋದನ್ನು ಕೆಲವರು ವಿಡಿಯೋದಲ್ಲಿ ತೋರಿಸ್ತಾರೆ. ಮಾಡಬೇಡಿ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸೋ ಕ್ರಿಮಿ ಇರಬಹುದು. ನಮ್ಮ ಹುರಿಹಿಟ್ಟಿಗೆ ಆ ಹೆಸರು ಬಂದಿದ್ದೇ ಹುರಿದು ಮಾಡೋದರಿಂದ. ಮುಗ್ಗು ಹಿಡಿದ ಕಡಲೆಬೀಜ ಒಂದೇ ಕಂಡರೂ ಪೊಟ್ಟಣ ಪೂರ್ತಿ ಎಸೀರಿ. ಆ ಬೂಜಿನ ವಿಷ ಹುರಿದರೂ ಪೂರ್ತಿ ಹೋಗಲ್ಲ. ಒದ್ದೆ ಕೈಯಲ್ಲಿ ಉಂಡೆ ಕಟ್ಟಬೇಡಿ. ಖರ್ಜೂರದ ಉಂಡೆ ಫ್ರಿಡ್ಜಿನಲ್ಲಿ ಒಂದು ವಾರ, ಹಸಿ ತೆಂಗಿನಕಾಯಿ ಹಾಕಿದರೆ ಎರಡು ದಿನ, ಅಷ್ಟೇ. ಚಿಕ್ಕ ಮಕ್ಕಳಿಗೆ ಕೊಡೋದಾದರೆ ಬೀಜ ಇಡಿಯಾಗಿ ಉಳಿಯದ ಹಾಗೆ ನುಣ್ಣಗೆ ಪುಡಿ ಮಾಡಿ.

ಆರು ಜನ ಒಂದೇ ಅಡುಗೆಮನೆ ಹಂಚಿಕೊಂಡಿರೋ ತಮ್ಮಂದಿರಿಗೆ ಇನ್ನೊಂದು ಲಾಭ. 2022ರ ಜುಲೈ 1ರಿಂದ ಇಲ್ಲಿ ಪ್ರತಿ ಮನೆಯ ಪ್ರತಿ ಅಂತಸ್ತಿಗೂ ಹೊಗೆ ಅಲಾರಂ ಕಡ್ಡಾಯ. ನಾವು ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಅದು ಕೂಗುತ್ತೆ, ಕೆಲವರು ಅದಕ್ಕೆ ಬಟ್ಟೆ ಕಟ್ಟಿಬಿಡ್ತಾರೆ. ದಯವಿಟ್ಟು ಕಟ್ಟಬೇಡಿ. ಉಂಡೆ ಮಾಡಿ, ಅದು ಸುಮ್ಮನೆ ಇರುತ್ತೆ.

ಉಂಡೆ ಊಟ ಅಲ್ಲ. ಊಟದ ಬದಲಿಗೆ ಅಂತ ನಾನು ಹೇಳ್ತಾ ಇಲ್ಲ. ಹತ್ತಕ್ಕೆ ಒಂದು, ಮೂರಕ್ಕೆ ಒಂದು, ನಡುವೆ ನಿಮ್ಮ ಅನ್ನವೋ ಬ್ರೆಡ್ಡೋ ಕೂತು ತಿನ್ನಿ. ಆ ವಿರಾಮ ನಿಮ್ಮ ಹಕ್ಕು, ಬಿಡಬೇಡಿ. ಹೊಸದಾಗಿ ಬಂದ ಹುಡುಗರು ಹೊಟ್ಟೆ ಕಟ್ಟಿ ದುಡ್ಡು ಉಳಿಸೋಕೆ ನೋಡ್ತಾರೆ. ನಾನೂ ಉಳಿಸಿದ್ದೀನಿ. ಹಾಗೆ ಉಳಿಸಿದ ದುಡ್ಡು ಎಷ್ಟು ಅಂತ ಆ ಏಣಿ ಮೇಲೆ ನನಗೆ ನೆನಪೂ ಬರಲಿಲ್ಲ.

ಈಗ ಆ ಕೆಲಸ ಕಲಿಯೋ ಹುಡುಗನಿಗೆ ಅಂತ ಬೇರೆ ಡಬ್ಬ ತರ್ತೀನಾ ಅಂತ ಯಾರೋ ಕೇಳಿದರು. ಇಲ್ಲ. ನನ್ನ ಮಿಕ್ಸಿಯಲ್ಲೇ ಕಡಲೆಬೀಜ ರುಬ್ಬಿರ್ತೀನಿ, ಅದರ ಚೂರು ಎಲ್ಲಿ ಉಳಿದಿರುತ್ತೋ ಹೇಳೋಕಾಗಲ್ಲ. ಅವನಿಗೆ ನಾನು ಬಾಳೆಹಣ್ಣು ಕೊಡ್ತೀನಿ. ಸಿಪ್ಪೆ ಅವನೇ ಸುಲಿದುಕೊಳ್ತಾನೆ.

ಹಿಂದಿನ ಮೇಜಿನ ಬಲಗಡೆ ಸ್ಟೀಲ್ ಡಬ್ಬ ನಂದು. ಮುಚ್ಚಳ ಓದಿ ತಗೊಳ್ಳಿ.